ಮನೆಯಲ್ಲಿ ಕಟ್ಟಿದ ಲೀನಿಯರ್ ಪವರ್ ಸಪ್ಲೈ: ವೋಲ್ಟೇಜ್ ಸೆಟ್ ಮಾಡುವುದು ಹೇಗೆ

ಎಲ್‌ಎಂ317 ಅನ್ನುವ ರೆಗ್ಯುಲೇಟರ್ ಐಸಿ (ಔಟ್‌ಪುಟ್ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಚಿಪ್) ಹಾಕಿ ಒಂದು ಪವರ್ ಸಪ್ಲೈ ಕಟ್ಟುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಅದನ್ನು ಬಳಸುವಾಗ. ಎಲ್ಲರೂ ಹಾಕುವ ಹಾಗೆ 5ಕೆ (5000 ಓಮ್ಸ್) ಪಾಟ್, ಅಂದರೆ ನಾಬ್ ತಿರುಗಿಸಿ ಓಮ್ಸ್ ಬದಲಾಯಿಸುವ ರೆಸಿಸ್ಟರ್, ಹಾಕಿರುತ್ತೀರಿ. ನಾಬ್ ತಿರುಗಿಸಿದರೆ ವೋಲ್ಟೇಜ್ 1.25ರಿಂದ ಶುರುವಾಗಿ 20 ದಾಟಿ ಹೋಗುತ್ತದೆ. ನಿಮಗೆ ಬೇಕಾಗಿರುವುದು ಮಾತ್ರ 5. ಒಂಚೂರು ತಿರುಗಿಸಿದರೆ 4.6, ಇನ್ನೊಂಚೂರು ತಿರುಗಿಸಿದರೆ 5.5, ಹೇಗೋ ಒದ್ದಾಡಿ 5ಕ್ಕೆ ತಂದು ನಿಲ್ಲಿಸಿ ಬೋರ್ಡ್ ಜೋಡಿಸಿದ ಮೇಲೆ ಯಾರದ್ದಾದರೂ ಕೈ ನಾಬಿಗೆ ತಗುಲಿದರೆ ಬೋರ್ಡಿಗೆ ನೇರವಾಗಿ 12 ವೋಲ್ಟ್ ಹೋಗಿ ಅದರ ಕಥೆ ಮುಗಿಯುತ್ತದೆ.

ಅದಕ್ಕೇ ನಾನು ಹೇಳುವುದು ಇಷ್ಟು: ನಾಬ್ ಎಷ್ಟೇ ತಿರುಗಿದರೂ ಬೋರ್ಡ್ ಸುಡುವ ವೋಲ್ಟೇಜ್ ಬರಲೇಬಾರದು. ಹಾಗೆ ರೆಸಿಸ್ಟರ್ ಆರಿಸಿಕೊಳ್ಳಬೇಕು. ಅದಾದ ಮೇಲೆ ಸೆಟ್ ಮಾಡುವುದು ಎರಡು ನಿಮಿಷದ ಕೆಲಸ.

ಮೊದಲು ಸುರಕ್ಷತೆ. ಟ್ರಾನ್ಸ್‌ಫಾರ್ಮರಿನ ಒಂದು ಕಡೆ 230 ವೋಲ್ಟ್ ಇರುತ್ತದೆ. ಆ ಕಡೆಯ ಪ್ರತಿ ಜಾಯಿಂಟಿಗೂ ಸ್ಲೀವ್ ಹಾಕಿ, ಫ್ಯೂಸ್ ಹಾಕಿ, ಡಬ್ಬಿ ಲೋಹದ್ದಾದರೆ ಅರ್ಥಿಂಗ್ ಕೊಡಿ. ಬೆಸುಗೆ ಹಾಕುವಾಗ ಪ್ಲಗ್ ಕಿತ್ತಿರಬೇಕು, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.

317 ಮಾಡುವ ಕೆಲಸ ಏನು?

ಈ ಐಸಿಗೆ ಮೂರು ಕಾಲು. ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಅಡ್ಜಸ್ಟ್, ಔಟ್, ಇನ್. ಔಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಸದಾ 1.25 ವೋಲ್ಟ್ ಇರುವಂತೆ ಐಸಿ ನೋಡಿಕೊಳ್ಳುತ್ತದೆ. ಅದು ಮಾಡುವುದು ಅಷ್ಟೇ. ಉಳಿದದ್ದೆಲ್ಲ ಎರಡು ರೆಸಿಸ್ಟರುಗಳ ಆಟ. ಔಟ್‌ನಿಂದ ಅಡ್ಜಸ್ಟ್‌ಗೆ ಇರುವುದು ಆರ್1, ಅಡ್ಜಸ್ಟ್‌ನಿಂದ ಗ್ರೌಂಡಿಗೆ ಇರುವುದು ಆರ್2. ಆರ್1 ಮೇಲೆ 1.25 ವೋಲ್ಟ್ ಇರುವುದರಿಂದ ಅದರಲ್ಲಿ ಇಂತಿಷ್ಟೇ ಕರೆಂಟ್ ಹರಿಯುತ್ತದೆ. ಅದೇ ಕರೆಂಟ್ ಆರ್2ರಲ್ಲೂ ಹರಿದು ಗ್ರೌಂಡಿಗೆ ಇಳಿಯುತ್ತದೆ. ಎರಡರ ಮೇಲಿನ ವೋಲ್ಟೇಜ್ ಕೂಡಿಸಿದರೆ ಔಟ್‌ಪುಟ್ ಸಿಕ್ಕಿತು.

ಔಟ್‌ಪುಟ್ = 1.25 × (1 + ಆರ್2 ÷ ಆರ್1)

ಆರ್1 120 ಓಮ್ಸ್, ಆರ್2 360 ಓಮ್ಸ್ ಆದರೆ 1.25 × 4, ಅಂದರೆ 5 ವೋಲ್ಟ್. ಅಡ್ಜಸ್ಟ್ ಕಾಲಿನಿಂದಲೂ ಸುಮಾರು 50 ಮೈಕ್ರೋಆಂಪ್ ಹೊರಗೆ ಬಂದು ಆರ್2 ಮೂಲಕ ಇಳಿಯುತ್ತದೆ. 360 ಓಮ್ಸ್‌ನಲ್ಲಿ ಅದು ಬರೀ 18 ಮಿಲಿವೋಲ್ಟ್, ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಆರ್2 5ಕೆ ಆದರೆ ಅದೇ ಕಾಲು ವೋಲ್ಟ್ ಆಗುತ್ತದೆ. ರೆಸಿಸ್ಟರಿನ ಓಮ್ಸ್ ಚಿಕ್ಕದಿದ್ದಷ್ಟೂ ಒಳ್ಳೆಯದು ಅನ್ನುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತುಂಬಾ ಸರ್ಕ್ಯೂಟುಗಳಲ್ಲಿ ಆರ್1 240 ಓಮ್ಸ್ ಎಂದು ಬರೆದಿರುತ್ತಾರೆ. ಐಸಿ ತಯಾರಕರ ಡೇಟಾಶೀಟಿನ ಚಿತ್ರದಲ್ಲೂ ಅದೇ ಇದೆ, ಆದರೆ ಅಷ್ಟು ಓಮ್ಸ್ ಸರಿಹೊಂದುವುದು ಇದರ ಅಣ್ಣ ಎಲ್‌ಎಂ117ಕ್ಕೆ. ಸರಿಯಾಗಿ ಕೆಲಸ ಮಾಡಲು 117ಕ್ಕೆ ಕನಿಷ್ಠ 5 ಮಿಲಿಆಂಪ್ ಲೋಡ್ (ಔಟ್‌ಪುಟ್ಟಿನಿಂದ ಕರೆಂಟ್ ಎಳೆಯುವ ಭಾರ) ಇದ್ದರೆ ಸಾಕು. 317ಕ್ಕೆ ಸಾಮಾನ್ಯವಾಗಿ 3.5 ಸಾಕಾದರೂ ಕೆಲವು ಪೀಸುಗಳಿಗೆ 10 ಮಿಲಿಆಂಪ್‌ವರೆಗೂ ಬೇಕಾಗಬಹುದು ಎಂದು ಅದೇ ಡೇಟಾಶೀಟ್ ಹೇಳುತ್ತದೆ. ಅಷ್ಟು ಕರೆಂಟ್ ಸಿಗದಿದ್ದರೆ ಲೋಡ್ ತೆಗೆದ ಕೂಡಲೇ ಔಟ್‌ಪುಟ್ ತಾನಾಗಿಯೇ ಮೇಲೇರುತ್ತದೆ. ಆರ್1 120 ಇಟ್ಟರೆ ಯಾವಾಗಲೂ 10.4 ಮಿಲಿಆಂಪ್ ಹರಿಯುತ್ತಿರುತ್ತದೆ, ಆ ಚಿಂತೆಯೇ ಇಲ್ಲ. ಸುಮ್ನೆ 1ಕೆ, 2.2ಕೆ ಎಂದು ಕೈಗೆ ಸಿಕ್ಕಿದ್ದನ್ನು ಆರ್1 ಜಾಗಕ್ಕೆ ಹಾಕಬೇಡಿ.

ಒಂದೇ ವೋಲ್ಟೇಜ್ ಬೇಕಿದ್ದರೆ

ಲೆಕ್ಕದಲ್ಲಿ 5 ಬಂದರೂ ಮೀಟರಿನಲ್ಲಿ 5 ಬರುವುದಿಲ್ಲ. 1.25 ಎನ್ನುವುದೇ ಪೀಸಿನಿಂದ ಪೀಸಿಗೆ 1.20ರಿಂದ 1.30ವರೆಗೆ ಬದಲಾಗುತ್ತದೆ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೂ ಈ ವ್ಯತ್ಯಾಸ ಹೋಗುವುದಿಲ್ಲ. ಹಾಗಾಗಿ ಒಂದು ಚಿಕ್ಕ ಪ್ರಿಸೆಟ್ (ಸ್ಕ್ರೂ ತಿರುಗಿಸಿ ಒಮ್ಮೆ ಸೆಟ್ ಮಾಡಿಬಿಡುವ ಪುಟ್ಟ ಪಾಟ್) ಬೇಕೇ ಬೇಕು. ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದೇ ಮುಖ್ಯ.

ಸಾಮಾನ್ಯವಾಗಿ ಪ್ರಿಸೆಟ್ ಹಾಕುವುದು ಆರ್2 ಜಾಗದಲ್ಲಿ. ನನಗೆ ಅದು ಇಷ್ಟವಿಲ್ಲ. ಪ್ರಿಸೆಟ್ಟಿನಲ್ಲಿ ಮೊದಲು ಹಾಳಾಗುವುದು ಒಳಗೆ ಉಜ್ಜುತ್ತಾ ತಿರುಗುವ ಸಂಪರ್ಕ. ಧೂಳು, ತೇವ, ಹಳೆಯದಾಗುವುದು, ಏನಾದರೂ ಒಂದು ಆಗಿ ಅದು ಬಿಟ್ಟುಕೊಂಡರೆ ಆರ್2 ದೊಡ್ಡದಾಗುತ್ತದೆ, ಇಲ್ಲವೇ ಪೂರ್ತಿ ಓಪನ್ ಆಗುತ್ತದೆ. ಓಪನ್ ಆದರೆ ಇನ್‌ಪುಟ್ಟಿನಲ್ಲಿ ಇದ್ದಬದ್ದ ವೋಲ್ಟೇಜೆಲ್ಲ ಔಟ್‌ಪುಟ್ಟಿಗೆ ಬರುತ್ತದೆ. ಅದೇ ಪ್ರಿಸೆಟ್ ಆರ್1 ಜಾಗದಲ್ಲಿದ್ದು ಹಾಳಾದರೆ ಆರ್1 ದೊಡ್ಡದಾಗುತ್ತದೆ, ಲೋಡ್ ಇರುವಾಗ ವೋಲ್ಟೇಜ್ ಇಳಿಯುತ್ತದೆ. ಬೋರ್ಡ್ ಆಫ್ ಆಗುತ್ತದೆ, ಆದರೆ ಉಳಿಯುತ್ತದೆ. ಇಷ್ಟು ಒಳ್ಳೆಯ ರಕ್ಷಣೆ ಪುಕ್ಕಟೆಯಾಗಿ ಸಿಗುವಾಗ ಯಾಕೆ ಬಿಡಬೇಕು, ಅಲ್ವಾ?

ಹೀಗೆ ಮಾಡಿ. ಆರ್1 ಜಾಗದಲ್ಲಿ 100 ಓಮ್ಸ್ ರೆಸಿಸ್ಟರ್, ಅದಕ್ಕೆ ಸೀರೀಸ್‌ನಲ್ಲಿ 50 ಓಮ್ಸ್ ಮಲ್ಟಿಟರ್ನ್ ಪ್ರಿಸೆಟ್. ಪ್ರಿಸೆಟ್ಟಿನ ನಡುಕಾಲನ್ನು ಒಂದು ತುದಿಯ ಕಾಲಿಗೆ ಸೇರಿಸಿ ಬೆಸುಗೆ ಹಾಕಿ. ಈಗ ಆರ್1 100ರಿಂದ 150 ಓಮ್ಸ್‌ವರೆಗೆ ಮಾತ್ರ ಬದಲಾಗುತ್ತದೆ. ಆರ್2 ಮಾತ್ರ ಅಲುಗಾಡದ ಮೆಟಲ್ ಫಿಲ್ಮ್ ರೆಸಿಸ್ಟರ್ ಆಗಿರಲಿ. 3.3 ವೋಲ್ಟ್ ಬೇಕಿದ್ದರೆ 200 ಓಮ್ಸ್, 5 ವೋಲ್ಟಿಗೆ 360, 9 ವೋಲ್ಟಿಗೆ 750, 12 ವೋಲ್ಟಿಗೆ 1ಕೆ. ಎಲ್ಲಕ್ಕೂ ಕಾಲು ವ್ಯಾಟಿನ ರೆಸಿಸ್ಟರ್ ಸಾಕು.

5 ವೋಲ್ಟಿನ ಲೆಕ್ಕ ನೋಡಿ. ಆರ್1 150 ಇದ್ದಾಗ 4.25, 100 ಇದ್ದಾಗ 5.75. ನಿಮ್ಮ ಐಸಿಯ 1.25 ನಿಜವಾಗಿ 1.30 ಆಗಿದ್ದರೂ ಮೇಲಿನ ತುದಿ 5.98. ಆರ್ಡುಯಿನೋ ಊನೋದಲ್ಲಿರುವ ಎಟಿಮೆಗಾ328 ಚಿಪ್ಪಿಗೆ ಯಾವ ಕಾರಣಕ್ಕೂ ದಾಟಬಾರದ ಮಿತಿ 6 ವೋಲ್ಟ್. ಅಂದರೆ ಪ್ರಿಸೆಟ್ ಪೂರ್ತಿ ತಪ್ಪು ಕಡೆಗೆ ತಿರುಗಿದರೂ ನೀವು ಆ ಗೆರೆಯ ಒಳಗೇ ಇರುತ್ತೀರಿ. ಜೊತೆಗೆ ಈ ಮಲ್ಟಿಟರ್ನ್ ಪ್ರಿಸೆಟ್ ಸುಮಾರು 25 ಸುತ್ತು ತಿರುಗುತ್ತದೆ. ಒಂದೂವರೆ ವೋಲ್ಟನ್ನು 25 ಸುತ್ತಿಗೆ ಹಂಚಿದರೆ ಸುತ್ತಿಗೆ 0.06 ವೋಲ್ಟ್ ಬರುತ್ತದೆ, 5.00 ಎಂದು ಸೆಟ್ ಮಾಡುವುದಕ್ಕೆ ಕೈ ನಡುಗಿದರೂ ಪರವಾಗಿಲ್ಲ.

ಅಂಗಡಿಯಲ್ಲಿ ಪ್ರಿಸೆಟ್ ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಮೇಲೆ 500 ಎಂದು ಬರೆದಿದ್ದರೆ ಅದು 50 ಓಮ್ಸ್. 501 ಎಂದಿದ್ದರೆ 500 ಓಮ್ಸ್. ಕೊನೆಯ ಅಂಕೆ ಎಷ್ಟು ಸೊನ್ನೆ ಸೇರಿಸಬೇಕು ಅನ್ನುವುದನ್ನು ಹೇಳುತ್ತದೆ. ಕೊಟ್ಟದ್ದನ್ನು ಹಾಗೇ ತರದೆ ಮೀಟರಿನಲ್ಲಿ ಅಳೆದು ತನ್ನಿ.

ರೋಟರಿ ಸ್ವಿಚ್ ಹಾಕಿ ಆರ್2ಗಳನ್ನು ಬದಲಾಯಿಸಿದರೆ 3.3, 5, 9, 12 ಎಲ್ಲವೂ ಒಂದೇ ಡಬ್ಬಿಯಲ್ಲಿ ಸಿಗುತ್ತದಲ್ಲ ಎಂದು ಅನ್ನಿಸುತ್ತದೆ. ಸಿಗುತ್ತದೆ, ಆದರೆ ಸಾಮಾನ್ಯ ರೋಟರಿ ಸ್ವಿಚ್ ಒಂದು ಸಂಪರ್ಕ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಅಡ್ಜಸ್ಟ್ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಆ ಕ್ಷಣ ಔಟ್‌ಪುಟ್ ಮೇಲಕ್ಕೆ ಹಾರುತ್ತದೆ. ಮಾಡಲೇಬೇಕಿದ್ದರೆ ಮುಂದಿನದನ್ನು ಹಿಡಿದ ಮೇಲೆ ಹಿಂದಿನದನ್ನು ಬಿಡುವ ಬಗೆಯ ಸ್ವಿಚ್ ಹುಡುಕಿ, ಅದನ್ನೂ ಲೋಡ್ ಕಿತ್ತು ತಿರುಗಿಸಿ.

ಟೇಬಲ್ ಮೇಲೆ ಇಡುವ ಸಪ್ಲೈ ಆದರೆ

ಇಲ್ಲಿ ನಾಬ್ ಬೇಕೇ ಬೇಕು, ಆರ್2ನೇ ಬದಲಾಗಬೇಕು. ಆರ್1 100 ಓಮ್ಸ್ ಇಡಿ. ಆರ್2 ಜಾಗದಲ್ಲಿ 1ಕೆ ಪಾಟ್, ಅದಕ್ಕೆ ಸೀರೀಸ್‌ನಲ್ಲಿ 100 ಓಮ್ಸ್ ಪಾಟ್. ದೊಡ್ಡದರಿಂದ ಹತ್ತಿರಕ್ಕೆ ತಂದು, ಚಿಕ್ಕದರಿಂದ ಸರಿಯಾಗಿ ಕೂರಿಸುವುದು. ಎರಡೂ ಪೂರ್ತಿ ತಿರುಗಿದರೆ 15 ವೋಲ್ಟ್, ಚಿಕ್ಕ ಪಾಟಿನ ಪಾಲು 1.25 ವೋಲ್ಟ್. ದುಡ್ಡು ಸ್ವಲ್ಪ ಜಾಸ್ತಿ ಹಾಕುವುದಾದರೆ ಹತ್ತು ಸುತ್ತಿನ ವೈರ್‌ವೌಂಡ್ 1ಕೆ ಪಾಟ್ ಒಂದೇ ಸಾಕು. ಆಗ ಮೇಲಿನ ತುದಿ 13.75, ಸುತ್ತಿಗೆ 1.25 ವೋಲ್ಟ್. ಪಾಟಿನಲ್ಲಿ ಸದಾ 12.5 ಮಿಲಿಆಂಪ್ ಹರಿಯುತ್ತಿರುವುದರಿಂದ ಕಾರ್ಬನ್ ಪಾಟಿಗಿಂತ ವೈರ್‌ವೌಂಡ್ ಜಾಸ್ತಿ ದಿನ ಬಾಳುತ್ತದೆ.

ಪಾಟ್ ಮೇಲೆ ಬಿ ಅಕ್ಷರ ಇದ್ದರೆ ಅದು ಲೀನಿಯರ್, ಎ ಇದ್ದರೆ ಆಡಿಯೋ ವಾಲ್ಯೂಮಿಗೆ ಬಳಸುವ ಲಾಗ್. ನಮಗೆ ಬಿ ಬೇಕು. ಲಾಗ್ ಹಾಕಿದರೆ ವೋಲ್ಟೇಜೆಲ್ಲ ನಾಬಿನ ಒಂದೇ ತುದಿಯಲ್ಲಿ ಗುಂಪಾಗಿ ಕೂರುತ್ತದೆ. ಇಲ್ಲೂ ನಡುಕಾಲನ್ನು ತುದಿಯ ಕಾಲಿಗೆ ಸೇರಿಸಲೇಬೇಕು. ಸೇರಿಸಿದರೆ ಸಂಪರ್ಕ ಬಿಟ್ಟಾಗ ಹೆಚ್ಚೆಂದರೆ 15 ಬರುತ್ತದೆ, ಸೇರಿಸದಿದ್ದರೆ 20ರ ಮೇಲೆ.

ಸೊನ್ನೆ ವೋಲ್ಟಿನವರೆಗೆ ಇಳಿಸುವುದು ಈ ಸರ್ಕ್ಯೂಟಿನಲ್ಲಿ ಆಗುವುದಿಲ್ಲ. 1.25ಕ್ಕಿಂತ ಕೆಳಗೆ ಬೇಕಿದ್ದರೆ ಮೈನಸ್ ವೋಲ್ಟೇಜಿನ ಇನ್ನೊಂದು ಚಿಕ್ಕ ಸಪ್ಲೈ ಬೇಕು. ಹೆಚ್ಚಿನವರಿಗೆ ಅದರ ಅಗತ್ಯವೇ ಬರುವುದಿಲ್ಲ.

ವೈರ್ ಎಲ್ಲಿಂದ ಎಲ್ಲಿಗೆ

ಆರ್1ನ ಮೇಲಿನ ತುದಿ ಐಸಿಯ ಔಟ್ ಕಾಲಿಗೇ ಅಂಟಿಕೊಂಡಿರಬೇಕು. ಔಟ್‌ಪುಟ್ ಟರ್ಮಿನಲ್ ಹತ್ತಿರ ಅಲ್ಲ. ಟರ್ಮಿನಲ್ ಹತ್ತಿರ ಹಾಕಿದರೆ ನಡುವಿನ ವೈರಿನಲ್ಲಿ ಬೀಳುವ ವೋಲ್ಟೇಜ್ ಕೂಡ ಆ 1.25ರ ಲೆಕ್ಕಕ್ಕೆ ಸೇರಿಕೊಂಡು ಅಷ್ಟೇ ಪಟ್ಟು ದೊಡ್ಡದಾಗುತ್ತದೆ. 12 ವೋಲ್ಟ್ ಸಪ್ಲೈನಲ್ಲಿ ಅದು ಸುಮಾರು ಹತ್ತು ಪಟ್ಟು. ವೈರಿನಲ್ಲಿ 0.05 ಓಮ್ಸ್ ಇದ್ದು 1 ಆಂಪ್ ಎಳೆದರೆ 0.05 ವೋಲ್ಟ್ ಬೀಳಬೇಕಾದ ಕಡೆ ಅರ್ಧ ವೋಲ್ಟ್ ಬೀಳುತ್ತದೆ. ಆರ್2ನ ಕೆಳಗಿನ ತುದಿಯದು ಇದಕ್ಕೆ ಉಲ್ಟಾ, ಅದು ಔಟ್‌ಪುಟ್ಟಿನ ನೆಗೆಟಿವ್ ಟರ್ಮಿನಲ್ಲಿಗೇ ಹೋಗಬೇಕು. ಲೋಡ್ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ ಎಂದು ಐಸಿಯನ್ನು ಬೈಯುವ ಮೊದಲು ಈ ಎರಡು ಜಾಗ ನೋಡಿ.

ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಹಮ್ ಚೆನ್ನಾಗಿ ಕಡಿಮೆಯಾಗುತ್ತದೆ, ಡೇಟಾಶೀಟ್ ಪ್ರಕಾರ ರಿಪಲ್ (ಡಿಸಿ ಮೇಲೆ ಉಳಿಯುವ ಏರಿಳಿತ) ತಡೆಯುವ ಶಕ್ತಿ 65 ಡೆಸಿಬೆಲ್‌ನಿಂದ 80ಕ್ಕೆ ಏರುತ್ತದೆ. ಇದನ್ನು ಹಾಕಿದ ಮೇಲೆ ಎರಡು 1ಎನ್4007 ಡಯೋಡುಗಳನ್ನೂ ಹಾಕಿ. ಒಂದು ಔಟ್ ಮತ್ತು ಇನ್ ನಡುವೆ, ಬಿಳಿ ಗೆರೆ ಇನ್ ಕಡೆಗೆ. ಇನ್ನೊಂದು ಅಡ್ಜಸ್ಟ್ ಮತ್ತು ಔಟ್ ನಡುವೆ, ಬಿಳಿ ಗೆರೆ ಔಟ್ ಕಡೆಗೆ. ಇನ್‌ಪುಟ್ ಅಥವಾ ಔಟ್‌ಪುಟ್ ಶಾರ್ಟ್ ಆದಾಗ ಕೆಪಾಸಿಟರುಗಳ ಚಾರ್ಜ್ ಐಸಿಯೊಳಗೆ ನುಗ್ಗದೆ ಇವುಗಳ ಮೂಲಕ ಹೋಗುತ್ತದೆ. ಇನ್‌ಪುಟ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಡಿಸ್ಕ್ ಕೆಪಾಸಿಟರ್, ಔಟ್‌ಪುಟ್ಟಿಗೆ ಒಂದು 47 ಮೈಕ್ರೋಫ್ಯಾರಡ್ ಇರಲಿ.

ವೋಲ್ಟೇಜ್ ಇಳಿಸಿದಷ್ಟೂ ಬಿಸಿ

ಇದು ತುಂಬಾ ಜನಕ್ಕೆ ಉಲ್ಟಾ ಅನ್ನಿಸುತ್ತದೆ. ಲೀನಿಯರ್ ಸಪ್ಲೈ ಬೇಡದ ವೋಲ್ಟೇಜನ್ನು ಬಿಸಿಯಾಗಿ ಹೊರಹಾಕುತ್ತದೆ. ಐಸಿಗೆ ಬರುವ ವೋಲ್ಟೇಜಿನಿಂದ ಔಟ್‌ಪುಟ್ ಕಳೆದು, ಕರೆಂಟಿನಿಂದ ಗುಣಿಸಿ. ಅಷ್ಟು ವ್ಯಾಟ್ ಐಸಿಯ ಮೈಮೇಲೆ ಬೀಳುತ್ತದೆ.

18 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳ ಜೋಡಣೆ), 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ ಅಂದುಕೊಳ್ಳಿ. ಲೋಡ್ ಇರುವಾಗ ಕೆಪಾಸಿಟರ್ ಮೇಲೆ ಸುಮಾರು 23 ವೋಲ್ಟ್ ಸಿಗುತ್ತದೆ. 12 ವೋಲ್ಟ್ 1 ಆಂಪ್ ಎಳೆದರೆ 11 ವ್ಯಾಟ್ ಬಿಸಿ. ಅದೇ 5 ವೋಲ್ಟ್ 1 ಆಂಪ್ ಎಳೆದರೆ 18 ವ್ಯಾಟ್! ಟಿಒ-220 (ಲೋಹದ ಬೆನ್ನಿನ ಮೂರು ಕಾಲಿನ ಸಾಮಾನ್ಯ ಆಕಾರ) ಮೈಯ ಐಸಿಗೆ ಇದು ಆಗದ ಮಾತು. ಒಳಗಿನ ಚಿಪ್ಪಿನಿಂದ ಹೊರಗಿನ ಲೋಹಕ್ಕೆ ಬಿಸಿ ದಾಟುವಷ್ಟರಲ್ಲೇ ವ್ಯಾಟಿಗೆ ಸುಮಾರು 5 ಡಿಗ್ರಿಯ ಲೆಕ್ಕದಲ್ಲಿ 90 ಡಿಗ್ರಿ ವ್ಯತ್ಯಾಸ ಬರುತ್ತದೆ, ಚಿಪ್ಪಿನ ಮಿತಿ 125 ಡಿಗ್ರಿ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಕೋಣೆಯ ಗಾಳಿಯೇ 40 ಡಿಗ್ರಿ ಇರುತ್ತದೆ. ಎಷ್ಟು ದೊಡ್ಡ ಹೀಟ್‌ಸಿಂಕ್ ಹಾಕಿದರೂ ಲೆಕ್ಕ ಕೂಡುವುದಿಲ್ಲ. ಐಸಿ ತನ್ನನ್ನು ಉಳಿಸಿಕೊಳ್ಳಲು ಔಟ್‌ಪುಟ್ ಇಳಿಸಿಬಿಡುತ್ತದೆ, ವೋಲ್ಟೇಜ್ ಸರಿಯಾಗಿ ಸೆಟ್ ಆಗುತ್ತಿಲ್ಲ ಎಂದು ನೀವು ಪಾಟ್ ತಿರುಗಿಸುತ್ತಾ ಕೂರುತ್ತೀರಿ.

ಇದಕ್ಕೊಂದು ಸುಲಭ ಉಪಾಯ ಇದೆ. 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬದಲು 9-0-9 ತನ್ನಿ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಎರಡು ತುದಿಯ ವೈರುಗಳ ನಡುವೆ 18, ಒಂದು ತುದಿ ಮತ್ತು ನಡುವಿನ ವೈರ್ ನಡುವೆ 9. ಒಂದು ತುದಿಯನ್ನು ನೇರ ಬ್ರಿಡ್ಜಿಗೆ ಕೊಟ್ಟು, ಬ್ರಿಡ್ಜಿನ ಇನ್ನೊಂದು ಎಸಿ ಕಾಲನ್ನು ಎರಡು ಕಡೆ ಬೀಳುವ ಟಾಗಲ್ ಸ್ವಿಚ್ಚಿನ ಮೂಲಕ ನಡುವಿನ ವೈರಿಗೋ ಇನ್ನೊಂದು ತುದಿಗೋ ಸೇರಿಸಿ. 5 ವೋಲ್ಟ್ ಮತ್ತು ಅದಕ್ಕಿಂತ ಕಡಿಮೆಗೆ 9ರ ಕಡೆ, ಅದಕ್ಕಿಂತ ಜಾಸ್ತಿಗೆ 18ರ ಕಡೆ. ಆಗ 5 ವೋಲ್ಟ್ 1 ಆಂಪಿನಲ್ಲಿ ಬಿಸಿ 18ರಿಂದ ಸುಮಾರು 5 ವ್ಯಾಟಿಗೆ ಇಳಿಯುತ್ತದೆ. ಸ್ವಿಚ್ ಬದಲಿಸುವುದು ಪವರ್ ಆಫ್ ಮಾಡಿದ ಮೇಲೆ ಮಾತ್ರ.

1 ಆಂಪ್ ಡಿಸಿ ಬೇಕಿದ್ದರೆ 2 ಆಂಪಿನ ಟ್ರಾನ್ಸ್‌ಫಾರ್ಮರ್ ಕೊಳ್ಳಿ, ಬ್ರಿಡ್ಜ್ ಮತ್ತು ಕೆಪಾಸಿಟರ್ ಇದ್ದಾಗ ಸುರುಳಿಯಲ್ಲಿ ಹರಿಯುವ ಎಸಿ ಕರೆಂಟ್ ಡಿಸಿಗಿಂತ ತುಂಬಾ ಜಾಸ್ತಿ ಇರುತ್ತದೆ. ಕೆಪಾಸಿಟರ್ ಕನಿಷ್ಠ 35 ವೋಲ್ಟಿನದು, 50 ಆದರೆ ಇನ್ನೂ ನಿಶ್ಚಿಂತೆ. ಐಸಿಯ ಲೋಹದ ಬೆನ್ನು ಔಟ್ ಕಾಲಿಗೆ ಸೇರಿದೆ, ಹಾಗಾಗಿ ಹೀಟ್‌ಸಿಂಕ್ ಡಬ್ಬಿಗೆ ತಾಗುವಂತಿದ್ದರೆ ನಡುವೆ ಕರೆಂಟ್ ದಾಟಿಸದ ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಕಡ್ಡಾಯ.

ಈಗ ಸೆಟ್ ಮಾಡೋಣ

ಐಸಿ ಕೂರಿಸುವ ಮೊದಲೇ ಪ್ರಿಸೆಟ್ಟನ್ನು ಮೀಟರಿನಲ್ಲಿ ಅಳೆದು 50 ಓಮ್ಸ್ ತುದಿಗೆ ತಿರುಗಿಸಿಡಿ. ಆರ್1 ದೊಡ್ಡದಿದ್ದರೆ ವೋಲ್ಟೇಜ್ ಕಡಿಮೆ, ಕೆಳಗಿನಿಂದ ಮೇಲಕ್ಕೆ ಬರುವುದು ಯಾವತ್ತೂ ಒಳ್ಳೆಯದು. ಮೊದಲ ಸಲ ಪವರ್ ಕೊಡುವಾಗ ರಿಪೇರಿ ಅಂಗಡಿಯವರು ಮಾಡುವ ಹಾಗೆ ಸೀರೀಸ್ ಬಲ್ಬ್ ಬಳಸಿ, ಅಂದರೆ 230 ವೋಲ್ಟ್ ಬರುವ ದಾರಿಯಲ್ಲಿ ಸೀರೀಸ್‌ನಲ್ಲಿ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್. ಒಮ್ಮೆ ಮಿಂಚಿ ಮಂಕಾದರೆ ಸರಿ ಇದೆ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಸರಿ ಇದೆ ಎಂದು ಗೊತ್ತಾದ ಮೇಲೆ ಬಲ್ಬ್ ತೆಗೆಯಿರಿ, ಅದು ಇರುವಾಗ ಅಳೆದ ವೋಲ್ಟೇಜ್ ನಂಬುವಂತಿಲ್ಲ.

ಮೊದಲು ಔಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಅಳೆಯಿರಿ. 1.20ರಿಂದ 1.30ರ ಒಳಗೆ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ, ಐಸಿ ನಕಲಿ ಇರಬಹುದು, ಇಲ್ಲವೇ ಕಾಲು ತಪ್ಪಾಗಿದೆ. ಇದು ಸರಿ ಇದ್ದರೆ ಲೋಡ್ ಇಲ್ಲದೆ ಔಟ್‌ಪುಟ್ ಅಳೆದು ಪ್ರಿಸೆಟ್ ತಿರುಗಿಸಿ ಬೇಕಾದ ವೋಲ್ಟೇಜಿಗೆ ತನ್ನಿ.

ಆಮೇಲೆ ನಿಮ್ಮ ಬೋರ್ಡ್ ಬೇಡ, ಬೇರೆ ಲೋಡ್ ಹಾಕಿ. 5 ವೋಲ್ಟಿಗೆ 10 ಓಮ್ಸ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಹಾಕಿದರೆ ಅರ್ಧ ಆಂಪ್ ಎಳೆಯುತ್ತದೆ. 12 ವೋಲ್ಟಿಗೆ ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬ್ ಸಾಕು. ಈಗ ಮೀಟರಿನ ಪ್ರೋಬ್ ಲೋಡಿನ ಕಾಲಿಗೇ ಇಟ್ಟು ನೋಡಿ. ಕೆಲವು ಹತ್ತು ಮಿಲಿವೋಲ್ಟ್ ಇಳಿದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಇಳಿದರೆ ಪ್ರಿಸೆಟ್ ಮುಟ್ಟಬೇಡಿ, ಕಾರಣ ಹುಡುಕಿ. ಲೋಡ್ ಹಾಕಿಯೇ ಅರ್ಧ ಗಂಟೆ ಬಿಟ್ಟು, ಹೀಟ್‌ಸಿಂಕ್ ಬಿಸಿಯಾದ ಮೇಲೆ ಇನ್ನೊಮ್ಮೆ ಸೆಟ್ ಮಾಡಿ. ಕೊನೆಗೆ ಪ್ರಿಸೆಟ್ಟಿನ ಸ್ಕ್ರೂ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿದರೆ ಅದು ಅಲುಗಾಡುವುದಿಲ್ಲ.

ಮೀಟರಿನ ಬ್ಯಾಟರಿ ಹೊಸದಿರಲಿ. ಕಡಿಮೆ ಬೆಲೆಯ ಡಿಜಿಟಲ್ ಮೀಟರಿನಲ್ಲಿ ಬ್ಯಾಟರಿ ಇಳಿದರೆ ವೋಲ್ಟೇಜ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಸೆಟ್ ಮಾಡಿದರೆ ನಿಮ್ಮ 5 ನಿಜವಾಗಿ 4.7 ಆಗಿರುತ್ತದೆ.

ಸರಿ ಬರದಿದ್ದರೆ

ಔಟ್‌ಪುಟ್ 1.25ರಲ್ಲೇ ನಿಂತಿದ್ದರೆ ಅಡ್ಜಸ್ಟ್ ಕಾಲು ಗ್ರೌಂಡಿಗೆ ಶಾರ್ಟ್ ಆಗಿದೆ. 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಅನುಮಾನಿಸಿ. ಇನ್‌ಪುಟ್ಟಿಗಿಂತ ಒಂದೆರಡು ವೋಲ್ಟ್ ಮಾತ್ರ ಕಡಿಮೆ ಬರುತ್ತಿದ್ದು ಏನು ತಿರುಗಿಸಿದರೂ ಬದಲಾಗದಿದ್ದರೆ ಆರ್2 ಓಪನ್, ಅಥವಾ ಅದರ ಕಾಲಿನಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ). ಲೋಡ್ ಇಲ್ಲದಾಗ ಮೇಲೇರಿ ಲೋಡ್ ಹಾಕಿದರೆ ಸರಿಯಾಗುವುದು ಆರ್1 ದೊಡ್ಡದಾಗಿರುವ ಲಕ್ಷಣ.

ಸ್ವಲ್ಪ ಲೋಡಿಗೆ ಸರಿ ಇದ್ದು ಜಾಸ್ತಿ ಲೋಡಿಗೆ ಇಳಿದರೆ, ಜೊತೆಗೆ ಆಡಿಯೋದಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಇನ್‌ಪುಟ್ ಸಾಲುತ್ತಿಲ್ಲ. 317ಕ್ಕೆ ಔಟ್‌ಪುಟ್ಟಿಗಿಂತ ಸುಮಾರು 3 ವೋಲ್ಟ್ ಜಾಸ್ತಿ ಇನ್‌ಪುಟ್ ಬೇಕು, ಅದೂ ರಿಪಲ್ಲಿನ ಕೆಳಗಿನ ತುದಿಯಲ್ಲಿ. ಮೀಟರ್ ತೋರಿಸುವುದು ಸರಾಸರಿ, ಕೆಳಗಿನ ತುದಿಯನ್ನಲ್ಲ. 1 ಆಂಪ್ ಲೋಡಿಗೆ 2200 ಮೈಕ್ರೋಫ್ಯಾರಡ್ ಹಾಕಿದರೆ ರಿಪಲ್ ನಾಲ್ಕೂವರೆ ವೋಲ್ಟ್ ಹತ್ತಿರ ಹೋಗುತ್ತದೆ, 4700 ಹಾಕಿದರೆ ಎರಡರ ಆಸುಪಾಸು. ಸಂಜೆ ಹೊತ್ತು ಮನೆಯ ಕರೆಂಟು 200ಕ್ಕೆ ಇಳಿಯುವ ಊರಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಬೆಳಗ್ಗೆ ಸರಿ ಇದ್ದ ಸಪ್ಲೈ ಸಂಜೆ ಕೈಕೊಡುವುದು ಹೀಗೆ.

7805 (5 ವೋಲ್ಟ್ ಮಾತ್ರ ಕೊಡುವ ರೆಗ್ಯುಲೇಟರ್ ಐಸಿ) ಹಾಕಿ ಕಟ್ಟಿರುವವರು ಅದನ್ನೇ ಸ್ವಲ್ಪ ಏರಿಸಬಹುದಾ ಎಂದು ಕೇಳುತ್ತಾರೆ. ಗ್ರೌಂಡ್ ಕಾಲಿಗೆ ಒಂದು 1ಎನ್4007 ಸೇರಿಸಿದರೆ ಸುಮಾರು 0.6 ವೋಲ್ಟ್ ಏರುತ್ತದೆ, ಅಷ್ಟರ ಮಟ್ಟಿಗೆ ಪರವಾಗಿಲ್ಲ. ಎರಡು ರೆಸಿಸ್ಟರ್ ಹಾಕಿ ಇನ್ನೂ ಏರಿಸಬಹುದು. ಆದರೆ 7805ರ ಗ್ರೌಂಡ್ ಕಾಲಿನಿಂದ 5 ಮಿಲಿಆಂಪಿನಷ್ಟು ಕರೆಂಟ್ ಬರುತ್ತದೆ, 317ರ 50 ಮೈಕ್ರೋಆಂಪಿನ ನೂರು ಪಟ್ಟು. ಅದು ಬಿಸಿಗೂ ಲೋಡಿಗೂ ಬದಲಾಗುವುದರಿಂದ ಸೆಟ್ ಮಾಡಿದ ವೋಲ್ಟೇಜ್ ನಿಲ್ಲುವುದಿಲ್ಲ. ಅದರ ಬದಲು ಐಸಿಯನ್ನೇ 317ಕ್ಕೆ ಬದಲಾಯಿಸಿ. ಬದಲಾಯಿಸುವಾಗ ಹಳೆಯ ತೂತುಗಳಿಗೆ ಹಾಗೇ ಕೂರಿಸಬೇಡಿ. 7805ರ ಕಾಲುಗಳು ಎಡದಿಂದ ಇನ್, ಗ್ರೌಂಡ್, ಔಟ್. ಅದರ ಬೆನ್ನು ಗ್ರೌಂಡ್, ಆದ್ದರಿಂದ ಮೈಕಾ ಇಲ್ಲದೆ ನೇರ ಡಬ್ಬಿಗೆ ಸ್ಕ್ರೂ ಮಾಡಿರುತ್ತಾರೆ. 317ರ ಬೆನ್ನನ್ನು ಅದೇ ಜಾಗಕ್ಕೆ ಹಾಗೇ ಬಿಗಿದರೆ ಔಟ್‌ಪುಟ್ ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ.